ಷಟರ್ ಎಳೆದ ಮೇಲೂ ಓಡುವ ಮೀಟರ್: ಅಂಗಡಿಯಲ್ಲಿ ಕರೆಂಟ್ ಪೋಲಾಗದಂತೆ ನೋಡಿಕೊಳ್ಳುವುದು ಹೇಗೆ

ಇವತ್ತು ರಾತ್ರಿ ಅಂಗಡಿ ಮುಚ್ಚುವಾಗ ಒಂದು ಕೆಲಸ ಮಾಡಿ. ಷಟರ್ ಎಳೆಯುವ ಮೊದಲು ಮೀಟರಿನ ಮುಂದೆ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆ ಬಂದ ಕೂಡಲೇ, ಒಂದು ಸ್ವಿಚ್ಚನ್ನೂ ಒತ್ತದೆ, ಇನ್ನೊಂದು ಫೋಟೊ. ಎರಡು ಅಂಕಿಗಳ ನಡುವೆ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಯೂನಿಟ್ ಕರೆಂಟು ಒಬ್ಬ ಗಿರಾಕಿಯೂ ಇಲ್ಲದ ಹೊತ್ತಿನಲ್ಲಿ ಖರ್ಚಾಗಿದೆ.

ಕರೆಂಟ್ ಉಳಿಸಬೇಕು ಅಂದ ಕೂಡಲೇ ಹೆಚ್ಚಿನವರು ಬಲ್ಬ್ ಬದಲಾಯಿಸುವ ಮಾತಾಡುತ್ತಾರೆ, ಇಲ್ಲವೇ ಛಾವಣಿಗೆ ಸೋಲಾರ್ ಹಾಕಿಸುವ ಮಾತಾಡುತ್ತಾರೆ. ಎರಡೂ ಒಳ್ಳೆಯದೇ. ಆದರೆ ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ತುಂಬುವುದಿಲ್ಲ ಅಲ್ವಾ? ಮೊದಲು ತೂತು ಹುಡುಕಬೇಕು. ವಾರಕ್ಕೆ 168 ಗಂಟೆ. ದಿನಕ್ಕೆ 12 ಗಂಟೆಯಂತೆ ಆರು ದಿನ ವ್ಯಾಪಾರ ಮಾಡಿದರೂ ಅಂಗಡಿ ತೆರೆದಿರುವುದು 72 ಗಂಟೆ. ಉಳಿದ 96 ಗಂಟೆ ಬಾಗಿಲು ಹಾಕಿರುತ್ತದೆ. ಆ 96 ಗಂಟೆಯನ್ನು ಯಾರೂ ನೋಡುವುದಿಲ್ಲ. ಅದಕ್ಕೇ ನಾನು ಅಲ್ಲಿಂದ ಶುರು ಮಾಡಿ ಅನ್ನುತ್ತೇನೆ.

ಮೊದಲು ರಾತ್ರಿಯ ಲೆಕ್ಕ

ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 9ಕ್ಕೆ ತೆರೆದಿರಿ, ಮೀಟರ್ 9 ಯೂನಿಟ್ ಮುಂದೆ ಹೋಗಿದೆ ಅಂದುಕೊಳ್ಳಿ. 1000 ವಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. 9ನ್ನು 12 ಗಂಟೆಯಿಂದ ಭಾಗಿಸಿ 1000ದಿಂದ ಗುಣಿಸಿ. 750 ಬರುತ್ತದೆ. ಅಂದರೆ ರಾತ್ರಿಯಿಡೀ ಸರಾಸರಿ 750 ವಾಟ್ ಎಳೆಯುವ ಏನೋ ಒಳಗೆ ಓಡುತ್ತಿದೆ. ಹೀಗೇ ಬಿಟ್ಟರೆ ವರ್ಷಕ್ಕೆ 3,285 ಯೂನಿಟ್. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿ.

ದೊಡ್ಡ ಮಳಿಗೆಗಳಲ್ಲಿ ಮೀಟರ್ ತೋರಿಸುವ ಅಂಕಿಯೇ ಪೂರ್ತಿ ಅಂಕಿ ಆಗಿರುವುದಿಲ್ಲ. ಅದನ್ನು ಬಿಲ್ಲಿನಲ್ಲಿ ಕೊಟ್ಟಿರುವ ಒಂದು ಸಂಖ್ಯೆಯಿಂದ ಗುಣಿಸಬೇಕಾಗುತ್ತದೆ. ಅದನ್ನು ಮರೆತರೆ ಪೋಲು ತುಂಬ ಕಡಿಮೆ ಅಂತ ಕಾಣುತ್ತದೆ. ಮೀಟರ್ ಅರ್ಧ ಗಂಟೆಗೊಮ್ಮೆ ತಾನೇ ಲೆಕ್ಕ ಬರೆದಿಡುವಂಥದ್ದಾದರೆ ಕರೆಂಟ್ ಕಂಪನಿಯಿಂದ ಆ ಪಟ್ಟಿಯನ್ನೇ ಕೇಳಿ ಪಡೆಯಿರಿ. ಅದರಲ್ಲಿ ರಾತ್ರಿ ಎರಡು ಗಂಟೆಯ ಸಾಲನ್ನು ಮೊದಲು ನೋಡಿ.

ಬೆಳಗಿನವರೆಗೆ ಕಾಯಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಡಿಜಿಟಲ್ ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ. 3200 ಅಂತ ಇದೆ ಅಂದುಕೊಳ್ಳಿ. ಒಂದು ನಿಮಿಷದಲ್ಲಿ ಅದು ಎಷ್ಟು ಸಲ ಮಿನುಗಿತು ಅಂತ ಎಣಿಸಿ, 60,000ದಿಂದ ಗುಣಿಸಿ, 3200ರಿಂದ ಭಾಗಿಸಿ. ನಿಮಿಷಕ್ಕೆ 32 ಸಲ ಮಿನುಗಿದರೆ ಆ ಹೊತ್ತಿಗೆ 600 ವಾಟ್ ಓಡುತ್ತಿದೆ. ಈ ಎಣಿಕೆ ಒಮ್ಮೆ ಕೈಗೆ ಬಂದರೆ ಬಹಳ ಉಪಯೋಗ. ಒಂದೊಂದೇ ಸ್ವಿಚ್ ಆರಿಸಿ ಬಂದು ಮತ್ತೆ ಎಣಿಸಿದರೆ ಯಾವುದು ಎಷ್ಟು ತಿನ್ನುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ಒಂದು ಹಾಳೆ ತೆಗೆದುಕೊಂಡು ರಾತ್ರಿ ಓಡಲೇಬೇಕಾದವುಗಳನ್ನು ಬರೆಯಿರಿ. ಫ್ರೀಜರ್, ಫ್ರಿಜ್, ಕಾವಲಿನ ಕ್ಯಾಮೆರಾ, ಅಲಾರಂ, ಇಂಟರ್ನೆಟ್ ಪೆಟ್ಟಿಗೆ, ಒಂದೆರಡು ದೀಪ. ಫ್ರೀಜರ್ ಇಲ್ಲದ ಅಂಗಡಿಯಾದರೆ ಈ ಪಟ್ಟಿ ನೂರು ವಾಟಿನ ಆಸುಪಾಸಿನಲ್ಲೇ ಮುಗಿಯಬೇಕು. ಪಟ್ಟಿಯ ಮೊತ್ತಕ್ಕೂ ಮೀಟರ್ ಹೇಳಿದ್ದಕ್ಕೂ ನಡುವೆ ಇರುವ ಅಂತರವೇ ನೀವು ಹುಡುಕಬೇಕಾದ ತೂತು. ಸಾಮಾನ್ಯವಾಗಿ ಅದು ಸಿಗುವುದು ಇಂಥ ಕಡೆ: ಗೋದಾಮಿನ ಫ್ಯಾನು, ಹಿಂದಿನ ಕೋಣೆಯ ಎಸಿ, ಆರಿಸದ ಬಿಲ್ಲಿಂಗ್ ಕಂಪ್ಯೂಟರ್, ಜಾಹೀರಾತಿನ ಪರದೆ, ಬಿಸಿನೀರಿನ ಗೀಸರ್, ತಣ್ಣೀರು-ಬಿಸಿನೀರು ಕೊಡುವ ಯಂತ್ರ, ಬಾಗಿಲ ಮೇಲಿನ ಬೋರ್ಡು. ನೀರಿನ ಯಂತ್ರವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದು ಯಾರೂ ಕುಡಿಯದ ನೀರನ್ನು ರಾತ್ರಿಯಿಡೀ ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ.

ಸ್ವಿಚ್ಚಿಗೆ ಬಣ್ಣ ಹಚ್ಚಿ

ಕೆಲಸದವರು ಸ್ವಿಚ್ ಆರಿಸದೇ ಹೋಗುವುದು ಉದಾಸೀನದಿಂದ ಅಂತ ಮಾಲೀಕರು ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಬಹಳ ಸಲ ಭಯ. ಯಾವ ಸ್ವಿಚ್ ಯಾವುದಕ್ಕೆ ಅಂತ ಗೊತ್ತಿಲ್ಲ. ತಪ್ಪಿ ಫ್ರೀಜರ್ ಆರಿಸಿಬಿಟ್ಟರೆ ಬೈಗುಳ. ಅದಕ್ಕಿಂತ ಎಲ್ಲವನ್ನೂ ಹಾಗೇ ಬಿಟ್ಟು ಹೋಗುವುದು ಅವರಿಗೆ ಕ್ಷೇಮ.

ಇದಕ್ಕೆ ಮೂರು ಬಣ್ಣದ ಸ್ಟಿಕರ್ ಸಾಕು. ಕೆಂಪು ಅಂದರೆ ಯಾವಾಗಲೂ ಮುಟ್ಟಬಾರದು. ಹಳದಿ ಅಂದರೆ ಕೇಳಿ ಆರಿಸಬೇಕು. ಹಸಿರು ಅಂದರೆ ಯಾರು ಬೇಕಾದರೂ ಆರಿಸಬಹುದು. ಪಕ್ಕದಲ್ಲಿ ಅದು ಯಾವುದರ ಸ್ವಿಚ್ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅರ್ಧ ದಿನದ ಕೆಲಸ. ಆಮೇಲೆ ಹೊಸದಾಗಿ ಸೇರಿದ ಹುಡುಗ ಕೂಡ ‘ಅಣ್ಣಾ, ಇದನ್ನ ಆರಿಸಬಹುದಾ?’ ಅಂತ ಕೇಳುವ ಅಗತ್ಯ ಇರುವುದಿಲ್ಲ.

ಮರೆಯುವ ಸಾಧ್ಯತೆ ಇರುವ ಕಡೆ ಮನುಷ್ಯರ ನೆನಪನ್ನು ನಂಬಬೇಡಿ. ಹೊರಗಿನ ಬೋರ್ಡಿಗೂ ಗಾಜಿನ ಕಪಾಟಿನ ದೀಪಕ್ಕೂ ಟೈಮರ್ ಹಾಕಿಸಿ. ಗೋದಾಮು, ಶೌಚಾಲಯ, ಬಟ್ಟೆ ಹಾಕಿ ನೋಡುವ ಕೋಣೆಗೆ ಚಲನೆ ಗುರುತಿಸುವ ಸೆನ್ಸರ್ ಹಾಕಿಸಿ. ಟೈಮರಿನ ಗಡಿಯಾರ ಸರಿಯಾಗಿದೆಯಾ ಅಂತ ಆಗಾಗ ನೋಡಬೇಕು. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಟೈಮರ್ ತಪ್ಪು ಸಮಯ ತೋರಿಸುತ್ತಾ ಹಗಲು ದೀಪ ಹಚ್ಚಿ ರಾತ್ರಿ ಆರಿಸುತ್ತವೆ.

ತೆರೆದ ಬಾಗಿಲು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹಗಲಿನ ಪೋಲಿನಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವುದು ಇದೇ.

ಒಳಗೆ ಎಸಿ ಓಡುತ್ತಿದೆ, ಬಾಗಿಲು ಹಾರು ಹೊಡೆದಿದೆ. ಗಿರಾಕಿಗೆ ಒಳಗೆ ಬಾ ಅಂತ ಕರೆದ ಹಾಗಿರಲಿ ಅಂತ ತೆರೆದಿಟ್ಟಿರುತ್ತಾರೆ. ಒಂದು ಟಿಶ್ಯೂ ಕಾಗದದ ಪಟ್ಟಿ ಹಿಡಿದು ಆ ಬಾಗಿಲಲ್ಲಿ ನಿಂತು ನೋಡಿ. ಗಾಳಿ ಬೀಸದ ದಿನವಾಗಿರಬೇಕು. ನೆಲದ ಹತ್ತಿರ ಹಿಡಿದರೆ ಕಾಗದ ಹೊರಗೆ ವಾಲುತ್ತದೆ. ಬಾಗಿಲ ಮೇಲ್ತುದಿಯಲ್ಲಿ ಹಿಡಿದರೆ ಒಳಗೆ ವಾಲುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಕೆಳಗಿನಿಂದ ಹರಿದು ಬೀದಿಗೆ ಹೋಗುತ್ತದೆ. ಅಷ್ಟೇ ಬಿಸಿಗಾಳಿ ಮೇಲಿನಿಂದ ಒಳಗೆ ನುಗ್ಗುತ್ತದೆ. ಚಳಿಯಲ್ಲಿ ಹೀಟರ್ ಓಡಿಸುವ ಕಡೆ ಇದೇ ಆಟ ತಲೆಕೆಳಗಾಗಿ ನಡೆಯುತ್ತದೆ. ಎಸಿ ಎಷ್ಟು ದೊಡ್ಡದಾದರೂ ಬೀದಿಯನ್ನು ತಂಪು ಮಾಡಿ ಮುಗಿಸಲು ಆಗುವುದಿಲ್ಲ.

2022ರಲ್ಲಿ ಯುರೋಪಿಗೆ ಇಂಧನದ ಬಿಕ್ಕಟ್ಟು ಬಂದಾಗ ಸರ್ಕಾರಗಳು ಕೈ ಹಾಕಿದ್ದು ಈ ಬಾಗಿಲಿಗೇ. ಎಸಿ ಅಥವಾ ಹೀಟರ್ ಓಡುವಾಗ ಅಂಗಡಿಗಳು ಬಾಗಿಲು ಮುಚ್ಚಿರಬೇಕು ಅಂತ ಫ್ರಾನ್ಸ್ ದೇಶದುದ್ದಕ್ಕೂ ನಿಯಮ ಮಾಡಿತು. ಸ್ಪೇನ್ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಬೇಕು ಅಂದಿತು. ರಾತ್ರಿ 10ರ ನಂತರ ಅಂಗಡಿಯ ಗಾಜಿನ ಕಪಾಟಿನ ದೀಪ ಆರಿಸಬೇಕು ಅಂತಲೂ ಹೇಳಿತು.

ನೀವು ಮಾಡಬಹುದಾದದ್ದು: ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಕ್ಲೋಸರ್ ಹಾಕಿಸಿ. ಗಾಜು ಶುಭ್ರವಾಗಿರಲಿ, ಒಳಗಿನ ಸಾಮಾನು ಹೊರಗೆ ಚೆನ್ನಾಗಿ ಕಾಣಲಿ, ‘ತೆರೆದಿದೆ, ಒಳಗೆ ಬನ್ನಿ’ ಅನ್ನುವ ಫಲಕ ಕಣ್ಣಿನ ಮಟ್ಟದಲ್ಲಿರಲಿ. ಜನ ಜಾಸ್ತಿ ಓಡಾಡುವ ಕಡೆ ಎರಡು ಬಾಗಿಲುಗಳ ನಡುವೆ ಒಂದು ಸಣ್ಣ ಅಂಕಣ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಾಗಿಲ ಮೇಲಿಂದ ಗಾಳಿ ಸುರಿಸುವ ಏರ್ ಕರ್ಟನ್ ಸಹಾಯ ಮಾಡುತ್ತದೆ. ಆದರೆ ಗಾಳಿ ನೆಲದವರೆಗೆ ತಲುಪಬೇಕು. ತಲುಪದಿದ್ದರೆ ಅದು ಸುಮ್ನೆ ತಿರುಗುವ ಇನ್ನೊಂದು ಫ್ಯಾನು. ಮುಚ್ಚಿದ ಬಾಗಿಲಿನ ಕೆಲಸವನ್ನು ಅದು ಮಾಡಲಾರದು.

ಎಸಿಯನ್ನು ಅದರ ಪಾಡಿಗೆ ಬಿಡಬೇಡಿ

ಬೆಳಿಗ್ಗೆ ಬೇಗ ತಣ್ಣಗಾಗಲಿ ಅಂತ 18 ಡಿಗ್ರಿಗೆ ಇಡುವವರಿದ್ದಾರೆ. ಸಾಧಾರಣ ಎಸಿಯಲ್ಲಿ ಇದರಿಂದ ಕೋಣೆ ಬೇಗ ತಣ್ಣಗಾಗುವುದಿಲ್ಲ. ಅದು ತಂಪು ಮಾಡುವ ವೇಗ ಒಂದೇ. 18 ಅಂತ ಇಟ್ಟರೆ ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ, ಅಷ್ಟೇ. ಆಮೇಲೆ ಕೌಂಟರಿನಲ್ಲಿ ಕೂತವರು ಸ್ವೆಟರ್ ಹಾಕಿಕೊಳ್ಳುತ್ತಾರೆ. 24ರಿಂದ 26ರ ನಡುವೆ ಒಂದು ಅಂಕಿ ಆರಿಸಿ, ಜೊತೆಗೆ ಫ್ಯಾನ್ ಓಡಿಸಿ. ತಂಪು ಮಾಡುವಾಗ ಒಂದೊಂದು ಡಿಗ್ರಿ ಮೇಲಿಟ್ಟರೂ ಎಸಿಯ ಕರೆಂಟಿನಲ್ಲಿ ಸುಮಾರು ಶೇ. 3ರಿಂದ 6ರಷ್ಟು ಉಳಿಯುತ್ತದೆ. ಗಿರಾಕಿಗಳು ಬಿಸಿಲಿನಿಂದ ಬಂದವರು, ಹೊರಗಿಗಿಂತ ಸ್ವಲ್ಪ ತಂಪಾಗಿದ್ದರೂ ಅವರಿಗೆ ಹಾಯೆನಿಸುತ್ತದೆ.

ಮುಚ್ಚುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ. ಗೋಡೆ, ನೆಲ, ಸಾಮಾನುಗಳಲ್ಲಿ ಕೂತಿರುವ ತಂಪು ಅಷ್ಟು ಹೊತ್ತು ಸಾಕಾಗುತ್ತದೆ. ಫಿಲ್ಟರನ್ನು ತಿಂಗಳಿಗೊಮ್ಮೆಯಾದರೂ ತೊಳೆಯಿರಿ. ಬಟ್ಟೆ ಅಂಗಡಿಯಲ್ಲಿ ನೂಲಿನ ಧೂಳು ಜಾಸ್ತಿ, ಅಲ್ಲಿ ಇನ್ನೂ ಬೇಗ ಬೇಕು. ಹೊರಗಿನ ಯಂತ್ರದ ಸುತ್ತ ಖಾಲಿ ಪೆಟ್ಟಿಗೆ ಜೋಡಿಸಬೇಡಿ. ಅದು ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಜಾಗ. ಉಸಿರುಕಟ್ಟಿದರೆ ಚೆಲ್ಲಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ದೊಡ್ಡ ಕಟ್ಟಡಗಳಲ್ಲಿ ಕಣ್ಣಿಗೆ ಬೀಳದ ಒಂದು ರೋಗ ಇದೆ. ಒಂದು ಮೂಲೆಯಲ್ಲಿ ಹೀಟರ್ ಓಡುತ್ತಿರುತ್ತದೆ, ಇನ್ನೊಂದು ಮೂಲೆಯಲ್ಲಿ ಎಸಿ. ಎರಡೂ ಪರಸ್ಪರ ಜಗಳವಾಡುತ್ತವೆ. ಒಳಗೆ ಹಿತವಾಗೇ ಇರುತ್ತದೆ, ಹಾಗಾಗಿ ಯಾರೂ ದೂರು ಕೊಡುವುದಿಲ್ಲ. ಬಿಲ್ಲು ಮಾತ್ರ ಎರಡರದ್ದೂ ಬರುತ್ತದೆ. ಹೀಟರ್ 20ಕ್ಕೆ ನಿಲ್ಲಬೇಕು, ಎಸಿ 24ರ ಮೇಲೆ ಶುರುವಾಗಬೇಕು. ನಡುವೆ ನಾಲ್ಕು ಡಿಗ್ರಿ ಎರಡೂ ಸುಮ್ಮನಿರಬೇಕು. ಇದು ಬರೀ ಸೆಟ್ಟಿಂಗ್ ಬದಲಾಯಿಸುವ ಕೆಲಸ.

ಇಂಥ ಕಟ್ಟಡಗಳಲ್ಲಿ ಗಾಳಿ ಹಾಯಿಸುವ ದೊಡ್ಡ ಫ್ಯಾನುಗಳೂ ಇರುತ್ತವೆ. ಅವು ದಿನವಿಡೀ ಪೂರ್ತಿ ವೇಗದಲ್ಲಿ ಓಡಬೇಕಾಗಿಲ್ಲ. ಫ್ಯಾನಿನ ವೇಗವನ್ನು ಶೇ. 20 ಇಳಿಸಿದರೆ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೇಗ ಬದಲಾಯಿಸುವ ಡ್ರೈವ್ ಹಾಕಿಸಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ನಿಧಾನ ಓಡಿಸಿದರೆ ಸಾಕು. ಒಳಗಿನ ಗಾಳಿ ಚೆನ್ನಾಗಿದೆಯಾ ಅಂತ ತಿಳಿಯಲು ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇಡಿ.

ಫ್ರೀಜರ್ ಇರುವ ಅಂಗಡಿಗಳಿಗೆ

ತಣ್ಣಗಿಡಬೇಕಾದ ಸರಕು ಮಾರುವ ದೊಡ್ಡ ಮಳಿಗೆಗಳಲ್ಲಿ ಒಟ್ಟು ಕರೆಂಟಿನ ಅರ್ಧದ ಹತ್ತಿರ ಪಾಲು ಇದಕ್ಕೇ ಹೋಗುತ್ತದೆ. ಉಳಿದ ಅಂಗಡಿಯವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಆದರೆ ನಿಮ್ಮಲ್ಲಿ ಎರಡು ಫ್ರೀಜರ್ ಇದ್ದರೂ ಓದಿ.

ಮುಂದೆ ಬಾಗಿಲೇ ಇಲ್ಲದ ಎತ್ತರದ ತಂಪು ಕಪಾಟುಗಳನ್ನು ನೋಡಿರುತ್ತೀರಿ. ಅದರ ಮುಂದೆ ನಿಂತರೆ ಕಾಲಿಗೆ ಚಳಿಯಾಗುತ್ತದೆ. ಆ ಚಳಿ ನೀವು ದುಡ್ಡು ಕೊಟ್ಟು ಕೊಂಡದ್ದು. ಇಂಥ ಕಪಾಟಿನ ಕಂಪ್ರೆಸರ್ ಹೊರುವ ಹೊರೆಯಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಪಾಲು ಹೊರಗಿನಿಂದ ನುಗ್ಗುವ ಬಿಸಿಗಾಳಿಯದ್ದು. ಒಳಗಿನ ಸರಕು ಒಮ್ಮೆ ತಣ್ಣಗಾದ ಮೇಲೆ ಹೆಚ್ಚೇನೂ ಕೇಳುವುದಿಲ್ಲ. ಆದ್ದರಿಂದ ಗಾಜಿನ ಬಾಗಿಲು ಹಾಕಿಸುವುದು ಇಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸ. ಈಗಿರುವ ಕಪಾಟಿಗೇ ಬಾಗಿಲು ಕೂರಿಸುವವರಿದ್ದಾರೆ. ಅಷ್ಟು ಖರ್ಚು ಈಗ ಆಗದು ಅಂದರೆ ರಾತ್ರಿ ಎಳೆಯುವ ಪರದೆಯನ್ನಾದರೂ ಹಾಕಿಸಿ. ಹಾಕಿಸಿದ ಮೇಲೆ ದಿನಾ ಎಳೆಯಿರಿ.

ಫ್ರೀಜರ್ ಬಾಗಿಲಿನ ರಬ್ಬರ್ ಸರಿಯಾಗಿದೆಯಾ ಅಂತ ನೋಡಲು ಒಂದು ಕಾಗದ ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ. ಎಳೆದಾಗ ಸುಲಭವಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ. ಬಾಗಿಲಿನ ಸುತ್ತ ನಾಲ್ಕಾರು ಕಡೆ ಹೀಗೆ ನೋಡಿ. ಬದಲಾಯಿಸಲು ತಗಲುವ ಖರ್ಚು ಬಹಳ ಕಡಿಮೆ.

ಹಿಂಬದಿಯಲ್ಲೋ ಕೆಳಗೋ ಬಿಸಿ ಹೊರಬಿಡುವ ಜಾಲರಿ ಇರುತ್ತದೆ. ಅದರ ಮೇಲೆ ಧೂಳಿನ ಕಂಬಳಿ ಬೆಳೆದಿರುತ್ತದೆ. ಮೂರು ತಿಂಗಳಿಗೊಮ್ಮೆ ಕರೆಂಟ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ತಂಪು ಕಪಾಟಿನಲ್ಲಿ ಸಾಮಾನು ಎಲ್ಲಿಯವರೆಗೆ ತುಂಬಬಹುದು ಅಂತ ಒಂದು ಗೆರೆ ಹಾಕಿರುತ್ತಾರೆ. ಅದನ್ನು ದಾಟಿ ಪೇರಿಸಿದರೆ ಗಾಳಿಯ ದಾರಿ ಕಟ್ಟುತ್ತದೆ. ಆಮೇಲೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಮೇಲಿನ ಸರಕು ಮಾತ್ರ ತಣ್ಣಗಾಗುವುದಿಲ್ಲ.

ಉಷ್ಣತೆಯನ್ನೂ ಒಮ್ಮೆ ನೋಡಿ. ಫ್ರೀಜರಿಗೆ ಮೈನಸ್ 18 ಡಿಗ್ರಿ ಸಾಕು. ಭದ್ರವಾಗಿರಲಿ ಅಂತ ಮೈನಸ್ 23ಕ್ಕೆ ಇಟ್ಟಿದ್ದರೆ, ಒಂದೊಂದು ಡಿಗ್ರಿಗೆ ಶೇ. 2ರಿಂದ 3ರಷ್ಟು ಕರೆಂಟ್ ಸುಮ್ನೆ ಜಾಸ್ತಿ ಹೋಗುತ್ತದೆ. ಆದರೆ ಒಂದು ಮಾತು: ಉಳಿತಾಯದ ಹೆಸರಿನಲ್ಲಿ ಸರಕು ಕೆಡಿಸಬೇಡಿ. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ಖಾತ್ರಿ ಮಾಡಿಕೊಂಡೇ ಬದಲಾಯಿಸಿ. ರಾತ್ರಿ ಫ್ರೀಜರ್ ಆರಿಸುವ ಯೋಚನೆಯಂತೂ ಬೇಡ.

ಗ್ಯಾಸ್ ಸೋರುತ್ತಿದ್ದರೆ ‘ಸ್ವಲ್ಪ ತುಂಬಿಸಿ ಹೋಗಿ’ ಅಂತ ಮೆಕ್ಯಾನಿಕ್‌ಗೆ ಹೇಳಬೇಡಿ. ಸೋರುವ ಜಾಗ ಹುಡುಕಿಸಿ. ಗ್ಯಾಸ್ ಕಡಿಮೆಯಾದ ಯಂತ್ರ ಅದೇ ತಂಪಿಗೆ ಜಾಸ್ತಿ ಹೊತ್ತು ಓಡುತ್ತದೆ. ಇನ್ನೊಂದು ವಿಷಯವೂ ಇದೆ. ದೊಡ್ಡ ಮಳಿಗೆಗಳಲ್ಲಿ ಬಹಳ ಕಾಲದಿಂದ ಬಳಸುವ ಆರ್-404ಎ ಅನ್ನುವ ಗ್ಯಾಸ್ ಒಂದು ಕಿಲೋ ಗಾಳಿಗೆ ಹೋದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಸುಮಾರು 3.9 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಹೊಸ ಯಂತ್ರ ಕೊಳ್ಳುವಾಗ ಪ್ರೊಪೇನ್ ಅಥವಾ ಇಂಗಾಲದ ಡೈಆಕ್ಸೈಡನ್ನೇ ಬಳಸುವ ಮಾದರಿ ಇದೆಯಾ ಅಂತ ಕೇಳಿ.

ದೀಪಗಳು

ಎಲ್‌ಇಡಿ ಹಾಕಿಸಿ ಅಂತ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದರ ಲೆಕ್ಕವನ್ನು ಜನ ಅರ್ಧ ಮಾತ್ರ ಮಾಡುತ್ತಾರೆ. ಸಾಮಾನಿನ ಮೇಲೆ ಬೆಳಕು ಚೆಲ್ಲುವ 50 ವಾಟಿನ ಹ್ಯಾಲೊಜೆನ್ ಸ್ಪಾಟ್ ಲೈಟ್ 20 ಇವೆ ಅಂದುಕೊಳ್ಳಿ. ಒಟ್ಟು 1000 ವಾಟ್. 7 ವಾಟಿನ ಎಲ್‌ಇಡಿ ಹಾಕಿದರೆ 140. ಉಳಿದದ್ದು 860 ವಾಟ್. ಇಷ್ಟಕ್ಕೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಆ 860 ವಾಟ್ ಇಷ್ಟು ದಿನ ಕೊನೆಗೆ ಬಿಸಿಯಾಗಿ ಅಂಗಡಿಯೊಳಗೇ ಉಳಿಯುತ್ತಿತ್ತು. ಅದನ್ನು ಹೊರಗೆ ಹಾಕಲು ಎಸಿ ಸುಮಾರು ಮೂರರಲ್ಲೊಂದು ಪಾಲು, ಅಂದರೆ ಇನ್ನೂ 285 ವಾಟಿನಷ್ಟು ಎಳೆಯುತ್ತಿತ್ತು. ಅದೂ ಉಳಿಯಿತು. ಚಳಿಗಾಲದಲ್ಲಿ ಹೀಟರ್ ಓಡಿಸುವ ಕಡೆ ಈ ಎರಡನೇ ಲಾಭ ಇರುವುದಿಲ್ಲ. ಅಲ್ಲಿ ಹೀಟರ್ ತುಸು ಜಾಸ್ತಿಯೇ ಓಡಬೇಕಾಗುತ್ತದೆ. ಹಾಗಿದ್ದರೂ ದೀಪದಿಂದ ಅಂಗಡಿ ಬಿಸಿ ಮಾಡುವುದು ಒಳ್ಳೆಯ ದಾರಿ ಅಲ್ಲ.

ಹಳೆಯ ಟ್ಯೂಬ್‌ಲೈಟಿಗೂ ಹೀಗೇ. ಟ್ಯೂಬಿನ ಮೇಲೆ 36 ವಾಟ್ ಅಂತ ಬರೆದಿದ್ದರೂ, ತಾಮ್ರದ ಸುರುಳಿಯ ಚೋಕ್ ಸೇರಿದರೆ 45 ವಾಟಿನ ಹತ್ತಿರ ಹೋಗುತ್ತದೆ. ಬದಲಾಯಿಸುವಾಗ ಚೋಕನ್ನು ತೆಗೆದು ವೈರಿಂಗ್ ಸರಿ ಮಾಡುವ ಕೆಲಸವನ್ನು ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ. ತೆಗೆದ ಟ್ಯೂಬುಗಳಲ್ಲಿ ಪಾದರಸ ಇರುತ್ತದೆ. ಒಡೆದು ಕಸಕ್ಕೆ ಹಾಕಬೇಡಿ, ಇಂಥ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಪಾದರಸ ತಡೆಯುವ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಸೇರಿ, 2027ರ ವೇಳೆಗೆ ಟ್ಯೂಬ್‌ಲೈಟಿನಂಥ ಫ್ಲೋರೆಸೆಂಟ್ ದೀಪಗಳ ತಯಾರಿಕೆ ನಿಲ್ಲಿಸಲು ಒಪ್ಪಿವೆ. ಹಾಗಾಗಿ ಹಳೆಯದನ್ನೇ ಮತ್ತೆ ಕೊಂಡು ಹಾಕುವುದರಲ್ಲಿ ಅರ್ಥವಿಲ್ಲ.

ಬಲ್ಬ್ ಬದಲಾಯಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಎಲ್ಲ ದೀಪಗಳೂ ಒಂದೇ ಸ್ವಿಚ್ಚಿಗೆ ಸೇರಿದ್ದರೆ ಬೇರೆ ಬೇರೆ ಮಾಡಿಸಿ. ಬೆಳಿಗ್ಗೆ ಗುಡಿಸುವಾಗ, ಸರಕು ಜೋಡಿಸುವಾಗ ಸ್ಪಾಟ್ ಲೈಟ್ ಬೇಕಾಗಿಲ್ಲ. ಕಿಟಕಿ ಪಕ್ಕದ ಸಾಲು ಹಗಲು ಬೇಕಾಗಿಲ್ಲ. ಮಾಮೂಲಿ ಅಂಗಡಿಗೆ 300ರಿಂದ 500 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಸಾಕು. ಮೊಬೈಲ್ ಆ್ಯಪಿನಿಂದ ಅಂದಾಜು ಸಿಗುತ್ತದೆ. ಎಲ್ಲ ಕಡೆ ಒಂದೇ ಸಮ ಬೆಳಕು ಚೆಲ್ಲಿದರೆ ಯಾವ ಸಾಮಾನೂ ಎದ್ದು ಕಾಣುವುದಿಲ್ಲ. ಸುತ್ತ ಸ್ವಲ್ಪ ಕಡಿಮೆ ಮಾಡಿ ತೋರಿಸಬೇಕಾದ್ದರ ಮೇಲೆ ಮಾತ್ರ ಬೆಳಕು ಬಿಟ್ಟರೆ ಕರೆಂಟೂ ಉಳಿಯುತ್ತದೆ, ಸರಕೂ ಚೆಂದ ಕಾಣುತ್ತದೆ. ಕತ್ತಲಾದ ಮೇಲೆ ಹೊರಗಿನಿಂದ ಬರುವ ಕಣ್ಣಿಗೆ ಕಡಿಮೆ ಬೆಳಕೂ ಜೋರಾಗಿ ಕಾಣುತ್ತದೆ. ಸಂಜೆ ಏಳರ ಮೇಲೆ ಒಂದು ಸಾಲು ಆರಿಸಿ ನೋಡಿ, ಯಾರೂ ಗಮನಿಸುವುದಿಲ್ಲ.

ಇನ್ನು ಸಣ್ಣಪುಟ್ಟವು

ಬಿಸಿಲು ಬೀಳುವ ಗಾಜಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಒಳ್ಳೆಯದು. ಗಾಜು ದಾಟಿ ಬಂದ ಬಿಸಿ ಒಳಗೇ ಉಳಿಯುತ್ತದೆ. ಬಿಸಿ ಊರುಗಳಲ್ಲಿ ಮೇಲಿನ ಮಹಡಿಯ ಅಂಗಡಿಯಾದರೆ ಛಾವಣಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಹಚ್ಚಿಸಿ. ಎಸ್ಕಲೇಟರಿಗೆ ಜನ ಇಲ್ಲದಾಗ ನಿಧಾನವಾಗುವ ವ್ಯವಸ್ಥೆ ಇರಲಿ. ಜಾಹೀರಾತಿನ ಪರದೆಗಳ ಹೊಳಪನ್ನು ಇಳಿಸಿ, ಕಂಪನಿಯಿಂದ ಬಂದಾಗ ಅವು ಪೂರ್ತಿ ಹೊಳಪಿನಲ್ಲೇ ಇರುವುದು ಹೆಚ್ಚು.

ಬಿಲ್ಲಿನಲ್ಲಿ ಯೂನಿಟ್ ಅಲ್ಲದೆ ಗರಿಷ್ಠ ಬೇಡಿಕೆ, ಅಂದರೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಕರೆಂಟ್, ಅನ್ನುವ ಸಾಲಿದ್ದರೆ, ಬೆಳಿಗ್ಗೆ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಶುರು ಮಾಡಬೇಡಿ. ಹತ್ತು ನಿಮಿಷ ಬಿಟ್ಟು ಬಿಟ್ಟು ಹಾಕಿ.

ಬಾಡಿಗೆ ಅಂಗಡಿಯ ಗಂಟು

ಬಾಡಿಗೆ ಕಟ್ಟಡದಲ್ಲಿ ಎಷ್ಟೋ ಒಳ್ಳೆಯ ಕೆಲಸ ಆಗದೇ ಉಳಿಯುವುದು ಒಂದೇ ಕಾರಣಕ್ಕೆ. ಎಸಿ, ಗಾಜು, ಛಾವಣಿ ಮಾಲೀಕನದ್ದು. ಬಿಲ್ಲು ಬಾಡಿಗೆದಾರನದ್ದು. ಮಾಲೀಕ ಖರ್ಚು ಮಾಡಿದರೆ ಲಾಭ ಇನ್ನೊಬ್ಬನಿಗೆ. ಬಾಡಿಗೆದಾರ ಮಾಡಿದರೆ ನಾಳೆ ಬಿಟ್ಟು ಹೋಗಬೇಕಾಗಬಹುದು. ಇನ್ನು ಮಾಲ್‌ಗಳಲ್ಲಿ ಎಸಿಯ ಖರ್ಚನ್ನು ಜಾಗದ ಅಳತೆಯ ಮೇಲೆ ಹಂಚಿದರೆ, ನೀವು ಉಳಿಸಿದ್ದು ನಿಮ್ಮ ಬಿಲ್ಲಿನಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಜಗಳ ಬೇಕಾಗಿಲ್ಲ. ಮೊದಲು ನಿಮ್ಮ ಭಾಗಕ್ಕೆ ಬೇರೆ ಸಬ್‌ಮೀಟರ್ ಕೇಳಿ. ಎರಡನೆಯದಾಗಿ, ಕರಾರು ಹೊಸದು ಮಾಡುವಾಗ ಈ ವಿಷಯ ಎತ್ತಿ. ಮಾಲೀಕ ಹೊಸ ಎಸಿ ಹಾಕಿಸಲಿ, ಬಿಲ್ಲಿನಲ್ಲಿ ಉಳಿತಾಯವಾದ ಹಣದ ಒಂದು ಪಾಲನ್ನು ಕೆಲವು ವರ್ಷ ಬಾಡಿಗೆಯ ಜೊತೆ ನೀವು ಕೊಡಿ. ಇಬ್ಬರಿಗೂ ದಕ್ಕುವ ಹಾಗೆ ಬರೆದುಕೊಳ್ಳಿ. ಮೊದಲ ದಿನ ತೆಗೆದ ಮೀಟರ್ ಫೋಟೊಗಳು ಆ ಮಾತುಕತೆಯಲ್ಲಿ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಮತ್ತೆ ಮೀಟರಿನ ಮುಂದೆ

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದು ಮಾಡಿ, ಎರಡು ವಾರ ಬಿಟ್ಟು ಅಳೆಯಿರಿ. ಹೋಲಿಸುವಾಗ ವಾರದ ಅದೇ ದಿನಕ್ಕೆ ಹೋಲಿಸಿ, ಸಾಧ್ಯವಾದರೆ ಕಳೆದ ವರ್ಷದ ಅದೇ ತಿಂಗಳಿಗೂ. ಬೇಸಿಗೆಯ ಬಿಲ್ಲನ್ನು ಮಳೆಗಾಲದ್ದರ ಜೊತೆ ಇಟ್ಟರೆ ಏನೂ ತಿಳಿಯುವುದಿಲ್ಲ. ಎರಡು ಮೂರು ಮಳಿಗೆ ಇರುವವರು ವರ್ಷದ ಯೂನಿಟ್ಟನ್ನು ನೆಲದ ಅಳತೆಯಿಂದ ಭಾಗಿಸಿ ಪಕ್ಕಪಕ್ಕ ಬರೆಯಿರಿ. ಒಂದೇ ತರಹದ ಎರಡು ಅಂಗಡಿಗಳ ನಡುವೆ ದೊಡ್ಡ ಅಂತರ ಕಂಡರೆ ಮೊದಲು ಅಲ್ಲಿಗೆ ಹೋಗಿ.

ರಾತ್ರಿಯ ಅಂಕಿಯನ್ನು ಷಟರ್ ಪಕ್ಕದ ಗೋಡೆಯ ಮೇಲೆ ಒಂದು ಹಾಳೆಯಲ್ಲಿ ವಾರಕ್ಕೊಮ್ಮೆ ಬರೆದಿಡಿ. ಕೊನೆಯಲ್ಲಿ ಬೀಗ ಹಾಕುವವರೇ ಬರೆಯಲಿ. 750 ವಾಟ್ ಇದ್ದದ್ದು 200ಕ್ಕೆ ಇಳಿದು, ಆರು ತಿಂಗಳಾದ ಮೇಲೆ ಒಂದು ವಾರ ಮತ್ತೆ 400 ಆಯಿತು ಅಂದರೆ, ಅವತ್ತೇ ಒಳಗೆ ಹೋಗಿ ಫ್ರೀಜರಿನ ರಬ್ಬರಿನಿಂದ ಹಿಡಿದು ಹಿಂದಿನ ಕೋಣೆಯ ಎಸಿಯವರೆಗೆ ಒಂದು ಸುತ್ತು ಹಾಕಿ.